ದಾರದ ಅಳತೆ, ಗಾಳಿಯ ಅಳತೆ

ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರ ತನ್ನಿ. ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಒತ್ತಿಟ್ಟು ಬಿಗಿಯಾಗಿ ಎಳೆಯಿರಿ. ದಾರ ಪೆಸಿಫಿಕ್ ಸಾಗರದ ನಡುವೆ ಹಾಯುವುದಿಲ್ಲ. ಚೀನಾ, ಸೈಬೀರಿಯ, ಅಲಾಸ್ಕಗಳ ಮೇಲೆ, ಉತ್ತರಕ್ಕೆ ಬಾಗಿದಂತೆ ನಿಲ್ಲುತ್ತದೆ.

ಇದೇ ‘ಮಹಾವೃತ್ತ’ದ ದಾರಿ, ಗೋಳದ ಮೇಲಿನ ಎರಡು ಊರುಗಳ ನಡುವಿನ ಅತಿ ಹತ್ತಿರದ ಹಾದಿ. ಉದ್ದ ಸುಮಾರು 14,000 ಕಿ.ಮೀ. ದಿಕ್ಸೂಚಿಯ ಮುಳ್ಳನ್ನು ಒಂದೇ ಕೋನಕ್ಕೆ ಹಿಡಿದು ಪೂರ್ವದತ್ತ ಹೊರಟರೆ ಸುಮಾರು 16,100 ಕಿ.ಮೀ. ಹಾರಬೇಕು. ಚಪ್ಪಟೆ ನಕ್ಷೆಯಲ್ಲಿ ಮಾತ್ರ ಈ ಎರಡನೆಯದು ನೇರವಾಗಿ ಕಾಣುತ್ತದೆ.

ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ ಆ 900 ವಿಮಾನದ ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ನೆಲಕ್ಕಲ್ಲ. ಹೊಳೆಯಲ್ಲಿ ದೋಣಿ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರಿವಿನ ಜೊತೆ ಹೋಗುವಾಗ ದಡ ಬೇಗ ಹಿಂದೆ ಸರಿಯುತ್ತದೆ, ಎದುರು ಹೋಗುವಾಗ ಸರಿಯುವುದೇ ಇಲ್ಲವೇನೋ ಅನಿಸುತ್ತದೆ.

ಆಕಾಶದಲ್ಲೂ ಅಂಥ ಹೊಳೆಗಳಿವೆ. ಭೂಮಧ್ಯರೇಖೆಯ ಕಡೆ ಬಿಸಿ, ಧ್ರುವದ ಕಡೆ ಚಳಿ. ಈ ವ್ಯತ್ಯಾಸಕ್ಕೆ ಭೂಮಿಯ ತಿರುಗುವಿಕೆ ಸೇರಿ, ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಹುಟ್ಟುತ್ತದೆ. ಹೆಸರು ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಬಿಸಿ–ಚಳಿಯ ಅಂತರ ಹೆಚ್ಚಾಗಿ ಅದರ ಸೆಳೆತವೂ ಹೆಚ್ಚುತ್ತದೆ. ಗಂಟೆಗೆ 200 ಕಿ.ಮೀ. ಮೀರುವುದುಂಟು.

2016ರಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ದಾರಿ ಸುಮಾರು 1,400 ಕಿ.ಮೀ. ಹೆಚ್ಚಾಯಿತು, 15,300 ಕಿ.ಮೀ. ಮುಟ್ಟಿತು. ಆದರೂ ಬೆನ್ನಿಗೆ ಗಾಳಿ ಸಿಕ್ಕಿದ್ದರಿಂದ ಹದಿನಾಲ್ಕೂವರೆ ಗಂಟೆಯಲ್ಲೇ ತಲುಪಿತು. ಉಳಿದ ಸಮಯ ಹತ್ತಿರ ಹತ್ತಿರ ಎರಡು ಗಂಟೆ!

ಮರಳುವಾಗ ಅದೇ ಗಾಳಿ ಎದುರಾಳಿ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹೊರಟಾಗ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಪೆಸಿಫಿಕ್ ಕಡೆ ಹೋಗದೆ ಉತ್ತರ ಧ್ರುವದ ಮೇಲಿಂದ ಬಂದರು. ಗ್ಲೋಬಿನ ಲೆಕ್ಕದಲ್ಲಿ ಧ್ರುವವನ್ನು ಮುಟ್ಟಿ ಬರುವ ಹಾದಿ ದಾರದ ಹಾದಿಗಿಂತ ನಾನ್ನೂರು ಕಿ.ಮೀ.ನಷ್ಟು ಉದ್ದವೇ. ಆದರೆ ಜೆಟ್ ಸ್ಟ್ರೀಮಿನ ಎದುರು ಸೆಣಸುವ ಕಷ್ಟ ಅಲ್ಲಿ ಕಡಿಮೆ. ಹದಿನೇಳು ಗಂಟೆ ಮೀರಿದ ಪಯಣ ಮುಗಿಸಿ ಇಳಿದಾಗ ಬೆಂಗಳೂರಿನಲ್ಲಿ 11ನೇ ತಾರೀಖಿನ ನಸುಕು. ಇಲ್ಲಿನ ಗಡಿಯಾರ ಅಲ್ಲಿನದಕ್ಕಿಂತ ಹದಿಮೂರೂವರೆ ಗಂಟೆ ಮುಂದಿತ್ತು.

ಗಾಳಿ ದಿನಕ್ಕೊಂದು ಬಗೆ. ಆದ್ದರಿಂದ ದೂರಪಯಣದ ದಾರಿಯನ್ನೂ ಇಂಧನವನ್ನೂ ಹೊರಡುವ ಮುನ್ನ ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕುತ್ತಾರೆ. ಮಗಳನ್ನು ಕರೆತರಲು ದೇವನಹಳ್ಳಿಗೆ ಹೋದವರಿಗೆ ವಿಮಾನ ಅರ್ಧ ಗಂಟೆ ಮುಂಚೆಯೇ ಇಳಿದದ್ದು ಫಲಕದಲ್ಲಿ ಕಂಡರೆ, ಆ ಅರ್ಧ ಗಂಟೆಯನ್ನು ಎಲ್ಲೋ ಹತ್ತು ಕಿಲೋಮೀಟರ್ ಎತ್ತರದ ಗಾಳಿ ಕೊಟ್ಟಿರಬಹುದು.