ಅಳತೆಗೆ ಮೊದಲು ಸಿದ್ಧತೆ

ಲೋಹದ ವಿಶಿಷ್ಟೋಷ್ಣವನ್ನು ಕಂಡುಹಿಡಿಯುವ ಪ್ರಯೋಗವನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಮೊದಲು ಕ್ಯಾಲೊರಿಮೀಟರನ್ನು ತೂಗಿ, ನೀರು ತುಂಬಿ, ಅದರ ಉಷ್ಣತೆಯನ್ನು ಗುರುತು ಹಾಕಿಕೊಳ್ಳುತ್ತೇವೆ. ಕಾದ ಲೋಹವನ್ನು ಇಳಿಬಿಡುವುದು ಆಮೇಲೆ. ಸಿದ್ಧತೆ ಬೇರೆ, ಅಳತೆ ಬೇರೆ. ಗಣಕಯಂತ್ರದ ದತ್ತಸಂಚಯಗಳ, ಎಂದರೆ ಡೇಟಾಬೇಸುಗಳ, ವೇಗವನ್ನು ಅಳೆಯುವ ಸಾಧನಗಳಿಗೂ ಈ ನಿಯಮವೇ ಆಧಾರ.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ದತ್ತಸಂಚಯದೊಡನೆ ದೊರೆಯುವ ಪಿಜಿಬೆಂಚ್ ಎಂಬ ಸಾಧನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದು ಒಂದು ಕಾಲ್ಪನಿಕ ಬ್ಯಾಂಕನ್ನು ನಿರ್ಮಿಸಿ, ಅಲ್ಲಿ ಸೆಕೆಂಡಿಗೆ ಎಷ್ಟು ವ್ಯವಹಾರಗಳು ಮುಗಿಯುವುವೆಂದು ಎಣಿಸುತ್ತದೆ. ನಿರ್ಮಿಸುವ ಆಜ್ಞೆ ಬೇರೆ. ಅಳೆಯುವ ಆಜ್ಞೆ ಬೇರೆ. ಮೊದಲನೆಯದನ್ನು ಆರಂಭದಲ್ಲಿ ಒಮ್ಮೆ ಕೊಡಬೇಕು. ಇವೆರಡನ್ನೂ ಬೆರೆಸಿದ್ದರೆ ಏನಾಗುತ್ತಿತ್ತು? ಕೋಷ್ಟಕಗಳನ್ನು ತುಂಬುವ ಕಾಲವು ವ್ಯವಹಾರದ ಕಾಲದೊಡನೆ ಸೇರಿ ಫಲಿತಾಂಶ ಕೆಡುತ್ತಿತ್ತು. ಮೇಲಾಗಿ, 50 ಗ್ರಾಹಕರು ಏಕಕಾಲದಲ್ಲಿ ದುಡಿಯುವಾಗ ಐವತ್ತು ಮಂದಿಯೂ ಅದೇ ಕೋಷ್ಟಕಗಳನ್ನು ಕಟ್ಟಹೊರಟು ಒಬ್ಬರಿಗೊಬ್ಬರು ಅಡ್ಡಬರುತ್ತಿದ್ದರು.

ಸಿದ್ಧತೆಯ ಹೆಜ್ಜೆಗಳು ಸಾಮಾನ್ಯವಾಗಿ ಐದು: ಹಳೆಯ ಕೋಷ್ಟಕಗಳನ್ನು ಅಳಿಸುವುದು, ಹೊಸವನ್ನು ರಚಿಸುವುದು, ದತ್ತಾಂಶ ತುಂಬುವುದು, ಕೋಷ್ಟಕಗಳನ್ನು ಚೊಕ್ಕಟಗೊಳಿಸುವುದು, ಕಡೆಗೆ ಖಾತೆ ಹುಡುಕಲು ನೆರವಾಗುವ ಸೂಚಿಯನ್ನು ಕಟ್ಟುವುದು. ಸೂಚಿಯು ಕಡೆಗೆ ಬರುವುದಕ್ಕೆ ಕಾರಣವುಂಟು. ಗ್ರಂಥವೆಲ್ಲ ಮುಗಿದ ಮೇಲೆ ಪದಸೂಚಿಯನ್ನು ಒಮ್ಮೆಗೇ ಸಿದ್ಧಪಡಿಸುವುದು ಸುಲಭ. ಪುಟಪುಟಕ್ಕೂ ಅದನ್ನು ತಿದ್ದುತ್ತ ಹೋದರೆ ಶ್ರಮ ಹೆಚ್ಚು. 2018ರಲ್ಲಿ ಹೊರಬಂದ 11ನೆಯ ಆವೃತ್ತಿಯಿಂದ, ಯಾವ ಹೆಜ್ಜೆಗಳು ಯಾವ ಕ್ರಮದಲ್ಲಿ ನಡೆಯಬೇಕೆಂಬುದನ್ನು ಪ್ರಯೋಗಕಾರನೇ ಆರಿಸಬಹುದಾಗಿದೆ.

ಬ್ಯಾಂಕಿನ ಗಾತ್ರವನ್ನು ಗೊತ್ತುಮಾಡುವುದು ಒಂದು ಪ್ರಮಾಣಾಂಕ. ಅದು 1 ಆದರೆ 1 ಶಾಖೆ, 10 ಗುಮಾಸ್ತರು, 1,00,000 ಖಾತೆಗಳು. 100 ಆದರೆ ಖಾತೆಗಳು 1 ಕೋಟಿ. ಸಾಧನದ ರೂಢಿಯ ಪರೀಕ್ಷೆಯಲ್ಲಿ ಪ್ರತಿಯೊಂದು ವ್ಯವಹಾರವೂ ಯಾವುದಾದರೊಂದು ಶಾಖೆಯ ಶಿಲ್ಕನ್ನು ತಿದ್ದಲೇಬೇಕು. ಶಾಖೆ ಒಂದೇ ಇದ್ದು ಗ್ರಾಹಕರು 50 ಮಂದಿಯಾದರೆ ಒಬ್ಬನು ತಿದ್ದುತ್ತಿರುವಾಗ ಉಳಿದವರು ಕಾಯಬೇಕಾಗುತ್ತದೆ. ಆಗ ನಾವು ಅಳೆಯುವುದು ಯಂತ್ರದ ಶಕ್ತಿಯನ್ನಲ್ಲ, ಸರತಿಯ ಸಾಲನ್ನು! ಆದಕಾರಣ ಪ್ರಮಾಣಾಂಕವು ಗ್ರಾಹಕರ ಸಂಖ್ಯೆಗಿಂತ ಕಡಿಮೆಯಿರಬಾರದು.

ಇನ್ನೊಂದು ಎಚ್ಚರಿಕೆಯ ಮಾತು. ಸಿದ್ಧತೆಯ ಮೊದಲ ಹೆಜ್ಜೆಯು ಅದೇ ಹೆಸರಿನ ಹಳೆಯ ಕೋಷ್ಟಕಗಳನ್ನು ಕೇಳದೆಯೇ ಅಳಿಸಿಬಿಡುತ್ತದೆ. ಆದುದರಿಂದ ಪರೀಕ್ಷೆಗೆಂದೇ ಪ್ರತ್ಯೇಕವಾದ ದತ್ತಸಂಚಯವನ್ನು ಇರಿಸಿಕೊಳ್ಳುವುದು ಕ್ಷೇಮ.

ಎರಡು ಯಂತ್ರಗಳನ್ನು ಹೋಲಿಸುವಾಗ ಎರಡಕ್ಕೂ ಸಿದ್ಧತೆ ಒಂದೇ ಆಗಿರಬೇಕು; ಫಲಿತಾಂಶದೊಡನೆ ಅದನ್ನೂ ಬರೆದಿಡಬೇಕು. ನೀರಿನ ತೂಕವನ್ನು ಹೇಳದೆ ಉಷ್ಣತೆಯ ಏರಿಕೆಯನ್ನಷ್ಟೇ ಹೇಳಿದರೆ ವಿಶಿಷ್ಟೋಷ್ಣವು ತಿಳಿಯುವುದುಂಟೆ?