ಟಿ.ಸಿ.ಯಿಂದ ನೆಲಕ್ಕಿಳಿದ ಆ ಪಟ್ಟಿ

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಾಗಲಿ, ಹೊಸದುರ್ಗ, ಹಿರಿಯೂರು ಕಡೆಯ ಹಳ್ಳಿಯಾಗಲಿ, ಊರ ಬೀದಿಯಲ್ಲೋ ತೋಟದ ಬದುವಿನಲ್ಲೋ ಎರಡು ಕಂಬಗಳ ನಡುವೆ ಕೂತ ‘ಟಿ.ಸಿ.’ಯನ್ನು ನೀವು ನೋಡಿಯೇ ಇರುತ್ತೀರಿ. 11,000 ವೋಲ್ಟಿನ ವಿದ್ಯುತ್ತನ್ನು ನಿಮ್ಮ ಮಿಕ್ಸಿಗೂ ಬಲ್ಬಿಗೂ ಒಗ್ಗುವ 230 ವೋಲ್ಟಿಗೆ ಇಳಿಸಿಕೊಡುವ ಟ್ರಾನ್ಸ್‌ಫಾರ್ಮರ್ ಅದು. ಅಲ್ಲಿಂದ ನೆಲಕ್ಕಿಳಿದ ಕಬ್ಬಿಣದ ಪಟ್ಟಿಗಳನ್ನು ಗಮನಿಸಿದ್ದೀರಾ? “ಅದು ಲೈನ್‌ಮನ್ ಕೆಲಸ, ನಮಗ್ಯಾಕಮ್ಮಾ ಆ ಉಸಾಬರಿ?” ಅನ್ನಬೇಡಿ. ಆಡುವ ಮಕ್ಕಳ, ಮೇಯುವ ದನಗಳ ಜೀವ ಕಾಯುವುದು ಅದೇ ಪಟ್ಟಿ.

ಅದಕ್ಕೆ ಎರಡು ಕೆಲಸ. ಟ್ರಾನ್ಸ್‌ಫಾರ್ಮರ್ ಒಳಗೆ ಏನಾದರೂ ಕೆಟ್ಟು ಹೊರಗಿನ ಡಬ್ಬಕ್ಕೇ ಕರೆಂಟು ಬಂದರೆ, ಅದನ್ನು ಮಣ್ಣಿಗೆ ಹರಿಸಿ ಫ್ಯೂಸ್ ಹಾರುವಂತೆ ಮಾಡುವುದು ಒಂದು. ನ್ಯೂಟ್ರಲ್ ತಂತಿಯನ್ನು ಭೂಮಿಗೆ ಬಿಗಿಯುವುದು ಇನ್ನೊಂದು. ನ್ಯೂಟ್ರಲ್ ಕಡಿದು ಈ ಆಸರೆಯೂ ತಪ್ಪಿದರೆ ಒಂದು ಮನೆಯ ಬಲ್ಬು ಮಿಣುಕುತ್ತದೆ, ಪಕ್ಕದ ಮನೆಯದು ಕಣ್ಣು ಕೋರೈಸಿ ಸುಟ್ಟುಹೋಗುತ್ತದೆ. ಫ್ರಿಜ್ಜು, ಟಿ.ವಿ.ಗಳಿಗೂ ಅದೇ ಗತಿ.

ಸುಮಾರು ಎರಡೂವರೆ ಮೀಟರ್ ಉದ್ದದ ಪೈಪನ್ನು ಹೂತು, ಸುತ್ತ ಇದ್ದಿಲು, ಉಪ್ಪು ತುಂಬಿ, ಅದಕ್ಕೆ ಪಟ್ಟಿಯನ್ನು ಜೋಡಿಸುವುದು ಹಳೆಯ ಪದ್ಧತಿ. ಉಪ್ಪೇಕೆ? ಮಳೆಗಾಲದಲ್ಲಿ ನಿಮ್ಮ ಉಪ್ಪಿನ ಡಬ್ಬಿ ನೀರೊಡೆಯುವುದಿಲ್ಲವೇ, ಹಾಗೆ ಉಪ್ಪು ತೇವ ಹಿಡಿಯುತ್ತದೆ. ತೇವವಿದ್ದರೇ ಮಣ್ಣಿನಲ್ಲಿ ಕರೆಂಟು ಸಲೀಸಾಗಿ ಹರಿಯುವುದು. ಮಳೆ ಕಡಿಮೆಯ ಚಿತ್ರದುರ್ಗ ಸೀಮೆಯಲ್ಲಿ ಬೇಸಿಗೆಗೆ ಆ ಗುಂಡಿ ಒಣಗುವುದೇ ತೊಂದರೆ.

ಇಷ್ಟು ನೆನಪಿಡಿ:

● ಟಿ.ಸಿ. ಕಂಬಕ್ಕೆ, ಅದರ ಬಿಗಿತಂತಿಗೆ ದನ ಕಟ್ಟಬೇಡಿ, ಬಟ್ಟೆ ಒಣಹಾಕಬೇಡಿ. ನೆಲಕ್ಕೆ ಕರೆಂಟು ಹರಿದಾಗ ಹೆಜ್ಜೆ ಹೆಜ್ಜೆಗೂ ವೋಲ್ಟೇಜು ಬೇರೆಯಾಗುತ್ತದೆ. ಮುಂಗಾಲು, ಹಿಂಗಾಲು ದೂರವಿರುವ ಹಸುವಿಗೆ ಅಪಾಯ ಹೆಚ್ಚು.

● ಪಟ್ಟಿ ತುಂಡಾಗಿದ್ದರೆ, ಕಳುವಾಗಿದ್ದರೆ ಮುಟ್ಟಲು ಹೋಗಬೇಡಿ. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಗುಂಡಿಗೆ ನೀರುಣಿಸುವುದೂ ಅವರದೇ ಕೆಲಸ.

● ದೀಪ ಒಮ್ಮೆಲೇ ಪ್ರಖರವಾಗಿ, ಮತ್ತೆ ಮಂಕಾದರೆ ಕೂಡಲೇ ಮೇನ್ ಸ್ವಿಚ್ ಆರಿಸಿ.

● ನಿಮ್ಮ ಮನೆಯ ಸ್ವಂತ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ.

● ಗ್ರೈಂಡರ್, ಗೀಸರ್‌ಗಳಿಗೆ ಮೂರು ಪಿನ್ನಿನ ಪ್ಲಗ್ಗೇ ಇರಲಿ. ದಪ್ಪ ಪಿನ್ನೇ ಅರ್ಥ್. ಅದನ್ನು ಕಿತ್ತು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕಬೇಡಿ.

● ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಮೈಗೆ ಸೋರಿದರೆ ಕ್ಷಣದಲ್ಲೇ ಕಡಿದುಬಿಡುತ್ತದೆ.

ನಾಳೆ ಹಾಲಿಗೋ ಅಂಗಡಿಗೋ ಹೋಗುವಾಗ, ದೂರದಿಂದಲೇ ಆ ಪಟ್ಟಿಯತ್ತ ಒಮ್ಮೆ ಕಣ್ಣು ಹಾಯಿಸಿ. ಮಕ್ಕಳಿಗೂ ತೋರಿಸಿ ಹೇಳಿಕೊಡಿ.