ಸೇಜ್ ಯಾಕೆ ನಿಧಾನವಾಯಿತು?

ಸಿಮ್ಯುಲೇಶನ್ ಪ್ರೋಗ್ರಾಂಗಳಿಗೂ ಆಪರೇಟಿಂಗ್ ಸಿಸ್ಟಮ್‌ಗೂ ಇರುವ ನಂಟನ್ನು ಹುಡುಕುತ್ತಾ ಹೋದಾಗ 2003ರ ಒಂದು ಸಂಶೋಧನಾ ಪ್ರಬಂಧ ಸಿಕ್ಕಿತು. ಕೂತಲ್ಲಿಂದ ಏಳದೆ ಓದಿ ಮುಗಿಸಿದೆ. ಬರೆದವರು ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಫ್ಯಾಬ್ರಿಜಿಯೊ ಪೆಟ್ರಿನಿ, ಡ್ಯಾರೆನ್ ಕರ್ಬಿಸನ್ ಮತ್ತು ಸ್ಕಾಟ್ ಪೇಕಿನ್.

ಅಲ್ಲಿನ ಆಸ್ಕಿ ಕ್ಯೂ ಸೂಪರ್‌ಕಂಪ್ಯೂಟರಿನಲ್ಲಿ 8,192 ಪ್ರೊಸೆಸರ್‌ಗಳಿದ್ದವು, ನೋಡ್ (ಜಾಲದಲ್ಲಿ ಹೆಣೆದ ಒಂದೊಂದು ಕಂಪ್ಯೂಟರ್) ಒಂದಕ್ಕೆ ನಾಲ್ಕು. ಸೇಜ್ ಎಂಬ ದ್ರವಚಲನೆಯ ಪ್ರೋಗ್ರಾಂ ಅದರ ಮೇಲೆ ಅಂದಾಜಿಗಿಂತ ಸುಮಾರು ಎರಡು ಪಟ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ವಿಚಿತ್ರವೆಂದರೆ, ನೋಡ್‌ಗಳ ಸಂಖ್ಯೆ ಹೆಚ್ಚಿದ್ದಾಗ ಪ್ರತಿ ನೋಡ್‌ನ ಒಂದು ಪ್ರೊಸೆಸರನ್ನು ಖಾಲಿ ಬಿಟ್ಟು ಮೂರರಲ್ಲೇ ಓಡಿಸಿದರೆ ಕೆಲಸ ಬೇಗ ಮುಗಿಯುತ್ತಿತ್ತು!

ದೋಷ ಯಂತ್ರದ್ದಲ್ಲ, ಸೇಜ್‌ನದೂ ಅಲ್ಲ. ಹಿನ್ನೆಲೆಯಲ್ಲಿ ಆಗಾಗ ಎಚ್ಚರಗೊಂಡು ನೋಡ್‌ಗಳ ಕ್ಷೇಮ ವಿಚಾರಿಸುವ, ಆ ಯಂತ್ರದ ಆಪರೇಟಿಂಗ್ ಸಿಸ್ಟಮ್ ಆಗಿದ್ದ ಯುನಿಕ್ಸ್‌ನ ಸಣ್ಣಪುಟ್ಟ ಕೆಲಸಗಳದ್ದು. ಅವು ಒಂದೊಂದು ಪ್ರೊಸೆಸರ್‌ನಿಂದ ಕಸಿಯುತ್ತಿದ್ದ ಸಮಯ ಶೇಕಡಾ ಒಂದೆರಡು ಮಾತ್ರ. ಆದರೆ ಸಿಮ್ಯುಲೇಶನ್ ಎಂದರೆ ಪಂಕ್ತಿಭೋಜನ: ಕೊನೆಯವರು ಉಣ್ಣುವವರೆಗೆ ಯಾರೂ ಏಳುವಂತಿಲ್ಲ. ಪ್ರತಿ ಹೆಜ್ಜೆಗೂ ಎಲ್ಲ ಪ್ರೊಸೆಸರ್‌ಗಳು ತಮ್ಮ ಉತ್ತರ ಒಪ್ಪಿಸಬೇಕು. ಈಗ ಇಲ್ಲೊಬ್ಬ, ಮರುಗಳಿಗೆ ಅಲ್ಲೊಬ್ಬ ತಡಮಾಡಿದರೂ ಸಾವಿರಾರು ಪ್ರೊಸೆಸರ್‌ಗಳು ಕಾಯುತ್ತವೆ. ಬೇಡದ ಹಿನ್ನೆಲೆ ಕೆಲಸಗಳನ್ನು ನಿಲ್ಲಿಸಿ, ಉಳಿದ ಕೆಲವನ್ನು ನೋಡ್‌ಗಳ ಪ್ರತಿ ಗುಂಪಿನಲ್ಲೂ ಒಂದೇ ನೋಡ್‌ಗೆ ಸರಿಸಿದ್ದಕ್ಕೆ ಸೇಜ್‌ನ ವೇಗ ದುಪ್ಪಟ್ಟಾಯಿತು. ಒಂದು ಚಿಪ್ ಕೂಡ ಬದಲಿಸಿರಲಿಲ್ಲ. ಪ್ರಬಂಧದ ಈ ಭಾಗ ಓದುವಾಗ ನನಗೆ ಈಗಲೂ ರೋಮಾಂಚನವಾಗುತ್ತದೆ.

ಐಬಿಎಂನವರು ತಮ್ಮ ಬ್ಲೂ ಜೀನ್ ಸೂಪರ್‌ಕಂಪ್ಯೂಟರಿನಲ್ಲಿ ಇನ್ನೊಂದು ದಾರಿ ಹಿಡಿದರು. ಲೆಕ್ಕ ಮಾಡುವ ನೋಡ್‌ಗಳಿಗೆ ಪುಟ್ಟ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು), ಫೈಲು ಓದುವ ಬರೆಯುವ ಚಾಕರಿಗೆ ಲಿನಕ್ಸ್ ಇರುವ ಬೇರೆ ನೋಡ್‌ಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಒಂದು ಬ್ಲೂ ಜೀನ್ ಇತ್ತು. ಜಪಾನಿನ ಫುಗಾಕು ಸೂಪರ್‌ಕಂಪ್ಯೂಟರಿನ ಚಿಪ್‌ನಲ್ಲಂತೂ ಲೆಕ್ಕಕ್ಕೆ 48 ಕೋರ್, ಆಪರೇಟಿಂಗ್ ಸಿಸ್ಟಮ್‌ನ ಉಪಚಾರಕ್ಕೆಂದೇ ಎರಡೋ ನಾಲ್ಕೋ ಹೆಚ್ಚುವರಿ ಕೋರ್.

ಇಷ್ಟಾದರೂ ಗೆದ್ದದ್ದು ಎಲ್ಲ ಕೆಲಸಕ್ಕೂ ಒದಗುವ ಲಿನಕ್ಸ್. 2017ರ ನವೆಂಬರ್‌ನಿಂದ ಜಗತ್ತಿನ ಅತಿ ವೇಗದ ಸೂಪರ್‌ಕಂಪ್ಯೂಟರುಗಳ ಟಾಪ್500 ಪಟ್ಟಿಯ ಐನೂರೂ ಯಂತ್ರಗಳಲ್ಲಿ ಅದೇ. ಪುಕ್ಕಟೆ ಸಿಗುತ್ತದೆಂಬ ವಿವರಣೆ ನನಗೆ ಸಾಲದು. ಅದರಿಂದ ಬೇಡದ್ದನ್ನು ಯಾರು ಬೇಕಾದರೂ ಕಿತ್ತು ಹಾಕಬಹುದು. ಜೊತೆಗೆ, ಅನೇಕ ವಿಜ್ಞಾನಿಗಳು ದಿನಾ ಬಳಸುವುದೂ ಅದನ್ನೇ. ತನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಒಂದು ಪ್ರೊಟೀನಿನ ಮೇಲೆ, ಅಣುಗಳ ಚಲನೆಯ ಸಿಮ್ಯುಲೇಶನ್ ಪ್ರೋಗ್ರಾಂ ಆದ ಗ್ರೋಮ್ಯಾಕ್ಸ್ ಓಡಿಸಿ ನೋಡಿದ ವಿದ್ಯಾರ್ಥಿನಿ, ಅದೇ ಇನ್‌ಪುಟ್ ಫೈಲುಗಳನ್ನು ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿನ ಸರದಿಗೆ ಸೇರಿಸಬಲ್ಲಳು. ಹೊಸ ಆಪರೇಟಿಂಗ್ ಸಿಸ್ಟಮ್ ಕಲಿಯಬೇಕಿಲ್ಲ.